ಆದೇಶ ಯಾರದ್ದೋ, ದೂರೂ ಅವರದ್ದೇ

ನಿಷೇಧಾಜ್ಞೆ ಇರುವ ಊರಲ್ಲಿ ಮಂತ್ರಿಯೊಬ್ಬರು ಮೆರವಣಿಗೆ ಮಾಡಿದರೆನ್ನಿ. ಮಾರನೇ ದಿನ ವಕೀಲರ ಚೇಂಬರಿಗೆ ಬರುವವರ ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ವಿಡಿಯೊ, ಬಾಯಲ್ಲಿ ಒಂದೇ ಮಾತು: ‘ಸಾರ್, ನಾವು ಐದು ಜನ ನಿಂತ್ರೆ ಲಾಠಿ ಬೀಸ್ತಾರೆ, ಅವ್ರು ಐದು ಸಾವಿರ ಜನ ಸೇರಿಸಿದ್ರು. ಒಂದು ಪಿಸಿಆರ್ ಹಾಕಿಬಿಡಿ.’ ಸಿಟ್ಟು ನ್ಯಾಯವಾದದ್ದೇ. ಎಡವುತ್ತಿರುವುದು ಕೊನೆಯ ವಾಕ್ಯದಲ್ಲಿ, ಅಂದರೆ ಮ್ಯಾಜಿಸ್ಟ್ರೇಟರ ಮುಂದೆ ನೇರವಾಗಿ ಖಾಸಗಿ ದೂರು (ಪಿಸಿಆರ್) ಹಾಕಿ ಎನ್ನುವಲ್ಲಿ. ಎಷ್ಟು ಸಲ ಹೇಳಿದರೂ ಜನರ ತಲೆಗೆ ಇಳಿಯದ ಸಂಗತಿ ಇದೊಂದೇ ಆದ್ದರಿಂದ, ಈ ಸಲದ ಅಂಕಣದ ಬಹುಪಾಲು ಅದಕ್ಕೇ ಹೋಗುತ್ತದೆ. ಓದಿ ಬೇಸರವಾದರೆ ಕ್ಷಮೆಯಿರಲಿ.

ಜಿಲ್ಲಾಧಿಕಾರಿಯೋ ಪೊಲೀಸ್ ಕಮಿಷನರೋ ಸಹಿ ಹಾಕಿ ಹೊರಡಿಸಿದ ಆದೇಶವನ್ನು ಗೊತ್ತಿದ್ದೂ ಮೀರುವುದು ಮೊದಲು ಭಾರತೀಯ ದಂಡ ಸಂಹಿತೆಯ 188ನೇ ಸೆಕ್ಷನ್ ಆಗಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 223. ಹಳೆಯದರಲ್ಲಿ ಒಂದು ತಿಂಗಳ ಸಾದಾ ಸಜೆ ಅಥವಾ 200 ರೂಪಾಯಿ ದಂಡ. ಜನರ ಪ್ರಾಣಕ್ಕೋ ಆರೋಗ್ಯಕ್ಕೋ ಅಪಾಯವಾಗುವಂತಿದ್ದರೆ ಆರು ತಿಂಗಳು ಅಥವಾ 1,000 ರೂಪಾಯಿ. ಹೊಸದರಲ್ಲಿ ಇವು ಆರು ತಿಂಗಳು, 2,500 ರೂಪಾಯಿ ಮತ್ತು ಒಂದು ವರ್ಷ, 5,000 ರೂಪಾಯಿ ಆಗಿವೆ. ಇಷ್ಟನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಯಾರೂ ಓದದೆ ಬಿಡುವುದು ಇದರ ಬೀಗದ ಕೈ ಇರುವ ಇನ್ನೊಂದು ಸೆಕ್ಷನನ್ನು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 195, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 215. ಅದು ಹೇಳುವುದಿಷ್ಟು: ಆದೇಶ ಮೀರಿದ ಅಪರಾಧವನ್ನು ಕೋರ್ಟು ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ, ಆದೇಶ ಹೊರಡಿಸಿದ ಅಧಿಕಾರಿಯೇ, ಇಲ್ಲವೆ ಆಡಳಿತದಲ್ಲಿ ಅವರ ಮೇಲಿನ ಅಧಿಕಾರಿ, ಹೊಸ ಸಂಹಿತೆಯಲ್ಲಾದರೆ ಅವರು ಅಧಿಕಾರ ಕೊಟ್ಟ ಇನ್ನೊಬ್ಬ ಅಧಿಕಾರಿ, ಲಿಖಿತವಾಗಿ ದೂರು ಕೊಡಬೇಕು. ನೀವು ಕೊಟ್ಟರೆ ನಡೆಯದು. ನಿಮ್ಮ ಸಂಘ ಕೊಟ್ಟರೂ ನಡೆಯದು. ಠಾಣೆಯ ಇನ್‌ಸ್ಪೆಕ್ಟರ್ ತಾವಾಗಿಯೇ ಎಫ್‌ಐಆರ್ ಹಾಕಿ ದೋಷಾರೋಪ ಪಟ್ಟಿ ಸಲ್ಲಿಸಿದರೂ ಸಾಲದು.

ಈ ಕೊನೆಯ ಮಾತಿಗೆ ಎಲ್ಲರೂ ಹುಬ್ಬು ಗಂಟಿಕ್ಕುತ್ತಾರೆ. ‘ಪೊಲೀಸ್ರೇ ದೂರು ದಾಖಲಿಸಿದ್ದಾರಲ್ಲ ಸಾರ್, ಪೇಪರಲ್ಲೂ ಬಂದಿದೆ.’ ಗೊಂದಲಕ್ಕೆ ನಮ್ಮ ಭಾಷೆಯದ್ದೂ ಒಂದು ಪಾಲಿದೆ. ಕನ್ನಡದಲ್ಲಿ ಠಾಣೆಗೆ ಕೊಡುವುದೂ ದೂರು, ಮ್ಯಾಜಿಸ್ಟ್ರೇಟರ ಮುಂದೆ ಇಡುವುದೂ ದೂರು. ಕಾನೂನಿಗೆ ಇವು ಎರಡು ಬೇರೆ ವಸ್ತು. ಠಾಣೆಯಲ್ಲಿ ನೀವು ಕೊಡುವುದು ಬರೀ ಮಾಹಿತಿ. ಅದಕ್ಕೇ ಅದರ ಹೆಸರು ಪ್ರಥಮ ವರ್ತಮಾನ ವರದಿ. 215ನೇ ಸೆಕ್ಷನ್ ಕೇಳುವ ದೂರು ಎಂದರೆ ಮ್ಯಾಜಿಸ್ಟ್ರೇಟರನ್ನು ಉದ್ದೇಶಿಸಿ, ಇಂಥವರ ಮೇಲೆ ಕ್ರಮ ಕೈಗೊಳ್ಳಿ ಎಂದು ಕೋರಿ ಕೊಟ್ಟದ್ದು. ಪೊಲೀಸ್ ವರದಿ ಈ ‘ದೂರು’ ಎಂಬ ಪದದ ವ್ಯಾಖ್ಯೆಯಲ್ಲೇ ಬರುವುದಿಲ್ಲ. ಎಫ್‌ಐಆರ್ ಎಷ್ಟೇ ದಪ್ಪಗಿರಲಿ, ಅದರ ಜೊತೆ ಆ ಅಧಿಕಾರಿಯ ಸಹಿ ಇರುವ ದೂರಿನ ಹಾಳೆ ಇಲ್ಲದಿದ್ದರೆ ಆರೋಪಿಯ ವಕೀಲರು ರದ್ದತಿ ಅರ್ಜಿಯನ್ನು ಅರ್ಧ ಗಂಟೆಯಲ್ಲಿ ಟೈಪು ಮಾಡಿಸುತ್ತಾರೆ. (ಹೊಸ ಕಾಯ್ದೆಗಳು ತಂದ ಇನ್ನೊಂದು ತಮಾಷೆ: ಆದೇಶ ಮೀರುವ ಅಪರಾಧ ನ್ಯಾಯ ಸಂಹಿತೆಯ 223, ಮ್ಯಾಜಿಸ್ಟ್ರೇಟರು ದೂರುದಾರರನ್ನು ವಿಚಾರಿಸುವ ಕ್ರಮ ಸುರಕ್ಷಾ ಸಂಹಿತೆಯ 223. ಯಾವ ಪುಸ್ತಕದ 223 ಎಂದು ಹೇಳದೆ ಅರ್ಜಿ ಬರೆಯಬೇಡಿ.)

ಇದು ತಾಂತ್ರಿಕ ನೆಪವಲ್ಲವೇ ಎಂದು ಕೇಳುವವರಿಗೆ ಧರ್ಮಪುರಿ ನೆನಪಿಸಬೇಕು. 2000ರ ಫೆಬ್ರುವರಿ 2ರಂದು, ಜಯಲಲಿತಾ ಅವರಿಗೆ ಶಿಕ್ಷೆಯಾದದ್ದಕ್ಕೆ ಕೆರಳಿದ ಪಕ್ಷದ ಕಾರ್ಯಕರ್ತರು ಬಸ್ಸಿಗೆ ಬೆಂಕಿಯಿಟ್ಟು, ಮೂವರು ವಿದ್ಯಾರ್ಥಿನಿಯರು ಸುಟ್ಟು ಸತ್ತರು. 2010ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೊಲೆಯ ಶಿಕ್ಷೆಯನ್ನು ಎತ್ತಿಹಿಡಿಯಿತು. ಆದರೆ ನಿಷೇಧಾಜ್ಞೆ ಮೀರಿದ 188ರ ಆರೋಪ ಮಾತ್ರ ನಿಲ್ಲದು ಎಂದಿತು. ಕಾರಣ, ಅಧಿಕಾರಿಯ ಲಿಖಿತ ದೂರು ಇರಲಿಲ್ಲ. ಅಂಥ ಪ್ರಕರಣದಲ್ಲೇ ಬಿಡದ ನಿಯಮವನ್ನು ಕೋರ್ಟು ಮೆರವಣಿಗೆಯ ಪ್ರಕರಣದಲ್ಲಿ ಬಿಡುತ್ತದೆಯೇ?

ನಿಯಮದ ಹಿಂದೊಂದು ತರ್ಕವೂ ಇದೆ. ಆದೇಶ ಮೀರಿದಾಗ ಅವಮಾನವಾಗಿದ್ದು ಅಧಿಕಾರಿಯ ಅಧಿಕಾರಕ್ಕೆ, ಹಾಗಾಗಿ ಕೇಳುವ ಹಕ್ಕೂ ಅವರದ್ದು. ಇಲ್ಲದಿದ್ದರೆ ಎದುರು ಮನೆಯವನ ಮೇಲಿನ ಹಗೆಗೆ ಕರ್ಫ್ಯೂ ಆದೇಶವೇ ಆಯುಧವಾಗುತ್ತಿತ್ತು. ಸಾಮಾನ್ಯ ಜನರ ಮಟ್ಟಿಗೆ ಇದು ರಕ್ಷಣೆಯೇ. ತೊಡಕಾಗುವುದು ಆದೇಶ ಮೀರಿದವರೇ ಆ ಅಧಿಕಾರಿಯ ವರ್ಗಾವಣೆ ಕಡತಕ್ಕೆ ಸಹಿ ಹಾಕುವವರಾದಾಗ.

ನಮ್ಮಲ್ಲೇ ನೋಡಿ. 2021ರ ಜನವರಿ 17ರಂದು ಬೆಳಗಾವಿಯಲ್ಲಿ ಕೇಂದ್ರ ಗೃಹ ಸಚಿವ ಅಮಿತ್ ಶಾ ಅವರ ಸಮಾವೇಶ ನಡೆಯಿತು. ಮಾಸ್ಕ್ ಇಲ್ಲ, ಅಂತರ ಇಲ್ಲ. ಎಫ್‌ಐಆರ್ ಯಾಕೆ ಆಗಿಲ್ಲ ಎಂದು ಪೊಲೀಸರನ್ನು ಹೈಕೋರ್ಟೇ ಕೇಳಬೇಕಾಯಿತು. ಮರುವರ್ಷ, 2022ರ ಜನವರಿ 9ರಂದು, ಮೇಕೆದಾಟು ಪಾದಯಾತ್ರೆ ವಾರಾಂತ್ಯ ಕರ್ಫ್ಯೂ ನಡುವೆಯೇ ಸಂಗಮದಿಂದ ಹೊರಟಿತು. ಡಿ.ಕೆ. ಶಿವಕುಮಾರ್, ಸಿದ್ದರಾಮಯ್ಯ ಮೊದಲಾದವರ ಮೇಲೆ ಪ್ರಕರಣಗಳು ಬೇಗನೆ ದಾಖಲಾದವು. ಹೈಕೋರ್ಟ್ ಪ್ರಶ್ನಿಸಿದ ಮೇಲೆ 13ರಂದು ರಾಮನಗರದಲ್ಲಿ ನಡಿಗೆ ನಿಂತಿತು. ಎರಡೂ ಸಲ ರಾಜ್ಯದಲ್ಲಿದ್ದದ್ದು ಒಂದೇ ಪಕ್ಷದ ಸರ್ಕಾರ. ಒಂದರಲ್ಲಿ ಆಳುವ ಪಕ್ಷ, ಇನ್ನೊಂದರಲ್ಲಿ ವಿರೋಧ ಪಕ್ಷ. ಸರ್ಕಾರ ಬದಲಾದಾಗ ತಕ್ಕಡಿಯ ತಟ್ಟೆಯೂ ಬದಲಾಗುತ್ತದೆ, ಯಾವ ಪಕ್ಷದವರೂ ಇದರಲ್ಲಿ ನನ್ನ ಮೇಲೆ ಮುನಿಸಿಕೊಳ್ಳಬೇಕಿಲ್ಲ.

ಹಾಗಾದರೆ ದಾರಿಯೇ ಇಲ್ಲವೇ? ಇದೆ, ಆದರೆ ನಿಧಾನದ್ದು.

ಮೊದಲು ಆದೇಶದ ಪ್ರತಿ ಕೈಗೆ ಬರಬೇಕು. ಸುದ್ದಿಯ ತುಣುಕಲ್ಲ, ಆದೇಶವೇ. ಅದರಲ್ಲಿ ಸಂಖ್ಯೆ, ದಿನಾಂಕ, ಯಾವ ಗಂಟೆಯಿಂದ ಯಾವ ಗಂಟೆವರೆಗೆ, ಯಾವ ಗಡಿಯೊಳಗೆ, ಯಾರಿಗೆ ವಿನಾಯಿತಿ, ಯಾರ ಸಹಿ ಎಂಬುದನ್ನು ನೋಡಿ. ಅರ್ಧ ಪ್ರಕರಣಗಳು ಇಲ್ಲೇ ಮುಗಿಯುತ್ತವೆ: ಸಿಟ್ಟಿಗೆ ಕಾರಣವಾದದ್ದು ಆದೇಶವೇ ಆಗಿರುವುದಿಲ್ಲ, ‘ಮಾರ್ಗಸೂಚಿ’ ಆಗಿರುತ್ತದೆ, ಇಲ್ಲವೆ ಪತ್ರಿಕಾಗೋಷ್ಠಿಯಲ್ಲಿ ಹೇಳಿದ ಮಾತಾಗಿರುತ್ತದೆ. ಇನ್ನು ಕೆಲವು ಕಡೆ ನಾಯಕರ ಕಾರ್ಯಕ್ರಮಕ್ಕೆ ಮೊದಲೇ ಅನುಮತಿ ಕೊಟ್ಟಿರುತ್ತಾರೆ. ಅನುಮತಿ ಕೊಟ್ಟದ್ದೇ ತಪ್ಪು ಎನ್ನುವುದಾದರೆ ಅದು ಬೇರೆಯೇ ಜಗಳ, ಅದರ ಜಾಗ ರಿಟ್ ಅರ್ಜಿ.

ಆಮೇಲೆ ಪತ್ರ. ಠಾಣೆಗಲ್ಲ, ಸಹಿ ಹಾಕಿದ ಅಧಿಕಾರಿಗೆ, ಪ್ರತಿಯನ್ನು ಅವರ ಮೇಲಧಿಕಾರಿಗೆ. ಒಂದೂವರೆ ಪುಟ ಸಾಕು. ಆದೇಶದ ಸಂಖ್ಯೆ, ಉಲ್ಲಂಘನೆಯ ದಿನ, ಹೊತ್ತು, ಜಾಗ, ಕಂಡದ್ದೇನು, ಯಾರ ಬಳಿ ದಾಖಲೆ ಇದೆ ಎಂದು ಬರೆದು, ಕೊನೆಯಲ್ಲಿ ‘ಸುರಕ್ಷಾ ಸಂಹಿತೆಯ 215ನೇ ಸೆಕ್ಷನ್ ಪ್ರಕಾರ ನ್ಯಾಯವ್ಯಾಪ್ತಿಯುಳ್ಳ ಮ್ಯಾಜಿಸ್ಟ್ರೇಟರಿಗೆ ಲಿಖಿತ ದೂರು ಸಲ್ಲಿಸಬೇಕೆಂದು ಕೋರುತ್ತೇನೆ’ ಎಂಬ ಸಾಲು ಇರಲಿ. ‘ಸೂಕ್ತ ಕ್ರಮ ಕೈಗೊಳ್ಳಿ’ ಎಂದು ಬರೆದರೆ ಅವರು ಅದನ್ನು ಅದೇ ಠಾಣೆಗೆ ರವಾನಿಸಿ ಕೈ ತೊಳೆಯುತ್ತಾರೆ. ಬೈಗುಳ ಬೇಡ, ನಾಯಕರ ಚರಿತ್ರೆಯೂ ಬೇಡ. ಕಚೇರಿಯ ಮುದ್ರೆ ಬಿದ್ದ ಸ್ವೀಕೃತಿ ಪ್ರತಿಯನ್ನು ಜೋಪಾನ ಮಾಡಿ. ಮುಂದೆ ಹೈಕೋರ್ಟಿಗೆ ಹೋಗಬೇಕಾಗಿ ಬಂದರೆ ಮೊದಲು ಕೇಳುವುದೇ, ‘ನೀವು ಅಧಿಕಾರಿಯನ್ನು ಕೇಳಿದಿರಾ, ಅವರು ಏನೆಂದರು?’ ಎಂದು.

ಕಾಲಮಿತಿಯ ಲೆಕ್ಕವೂ ಇದೆ. ಒಂದು ವರ್ಷದವರೆಗೆ ಸಜೆ ಇರುವ ಅಪರಾಧದ ದೂರು ಒಂದು ವರ್ಷದೊಳಗೆ ಕೋರ್ಟಿಗೆ ಸಲ್ಲಿಕೆಯಾಗಬೇಕು. ಇದರಲ್ಲಿ ಪತ್ರಕ್ಕೆ ಉತ್ತರ ಕಾಯಲು ಒಂದು ತಿಂಗಳು. ಆಮೇಲೆ ಮಾಹಿತಿ ಹಕ್ಕಿನ ಅರ್ಜಿಗೆ 30 ದಿನ, ಮೊದಲ ಮೇಲ್ಮನವಿಗೆ 30ರಿಂದ 45 ದಿನ. ಮೂರು, ಮೂರೂವರೆ ತಿಂಗಳು ಹೀಗೇ ಕರಗಿತು. ಘಟನೆ ನಡೆದು ಹತ್ತು ತಿಂಗಳಾದ ಮೇಲೆ, ಚುನಾವಣೆ ಹತ್ತಿರ ಬಂದಾಗ ನೆನಪಾಗಿ ಬರುವವರಿಗೆ ಯಾವ ವಕೀಲರೂ ಏನೂ ಮಾಡಲಾರರು. ಕರ್ನಾಟಕದಲ್ಲಿ ಮಾಹಿತಿ ಹಕ್ಕಿನ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಶುಲ್ಕ 10 ರೂಪಾಯಿ. ‘ನನ್ನ ಇಂಥ ದಿನಾಂಕದ ಪತ್ರದ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ, ಟಿಪ್ಪಣಿ ಹಾಳೆಗಳೂ ಸೇರಿ’ ಎಂದು ಕೇಳಿ. ‘ಯಾಕೆ ಕ್ರಮ ಕೈಗೊಂಡಿಲ್ಲ’ ಎಂದು ಕೇಳಿದರೆ, ಅದು ಮಾಹಿತಿಯಲ್ಲ ಎಂದು ಹಿಂದಕ್ಕೆ ಬರುತ್ತದೆ.

ನಾಗರಿಕರಿಗೆ ನೇರವಾಗಿ ತೆರೆದ ಬಾಗಿಲೊಂದಿದೆ, ಅದರತ್ತ ಯಾರೂ ಸುಳಿಯುವುದಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 60ನೇ ಸೆಕ್ಷನ್. ಕೋವಿಡ್ ಲಾಕ್‌ಡೌನಿನ ಬಹುತೇಕ ನಿರ್ಬಂಧಗಳು ಈ ಕಾಯ್ದೆಯಡಿ ಬಂದವು. ಇದರಡಿ ಅಪರಾಧವಾಗಿದೆ, ತಾನು ದೂರು ಕೊಡಲಿದ್ದೇನೆ ಎಂದು ಪ್ರಾಧಿಕಾರಕ್ಕೋ ಸರ್ಕಾರಕ್ಕೋ ಕನಿಷ್ಠ 30 ದಿನ ಮೊದಲು ನಿಗದಿತ ರೀತಿಯಲ್ಲಿ ನೋಟಿಸ್ ಕೊಟ್ಟ ಯಾರೇ ಆದರೂ ಕೋರ್ಟಿಗೆ ದೂರು ಕೊಡಬಹುದು. ಆ ಎರಡು ವರ್ಷ ನಾಯಕರ ಮನೆ ಮದುವೆ, ಹುಟ್ಟುಹಬ್ಬದ ವಿಡಿಯೊಗಳು ಎಷ್ಟು ಹರಿದಾಡಿದವು! ಅಷ್ಟು ಸಿಟ್ಟಿನಲ್ಲಿ ಈ ನೋಟಿಸಿನ ಹೆಸರೆತ್ತಿದವರು ತೀರ ವಿರಳ. ಮುಂದೆ ನೆರೆ ಬಂದು, ಸಾಂಕ್ರಾಮಿಕ ಬಂದು ಈ ಕಾಯ್ದೆ ಮತ್ತೆ ಹೊರಬಂದರೆ ನೆನಪಿರಲಿ.

ವಿಡಿಯೊ ವಿಷಯ. ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ಪೆನ್‌ಡ್ರೈವಿಗೆ ತುಂಬಿ ತಂದರೆ ಅದು ಸಾಕ್ಷ್ಯವಲ್ಲ, ಗುಮಾನಿ. ಫಾರ್ವರ್ಡ್ ಆದಾಗ ಕಡತ ಕುಗ್ಗುತ್ತದೆ, ಚಿತ್ರೀಕರಿಸಿದ ದಿನ, ಹೊತ್ತಿನ ವಿವರ ಅಳಿಸಿಹೋಗುತ್ತದೆ. ಚಿತ್ರೀಕರಿಸಿದ ಮೂಲ ಫೋನೇ ಬೇಕು, ಅದರ ಮಾಲೀಕರೂ ಬೇಕು. ಪ್ರತಿ ಮಾಡಿ ಕೊಡುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಜೊತೆಗಿರಬೇಕು. ಹಳೆಯ 65ಬಿ ಎಂದರೆ ಅದೇ. ಅದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರ ಜುಲೈನಲ್ಲಿ ಮತ್ತೊಮ್ಮೆ ಹೇಳಿದೆ. ಹೊಸ ನಮೂನೆಯಲ್ಲಿ ಎರಡು ಭಾಗ: ಒಂದನ್ನು ಸಾಧನದ ಹೊಣೆ ಹೊತ್ತವರು, ಇನ್ನೊಂದನ್ನು ತಜ್ಞರು ತುಂಬಬೇಕು. ಕಡತದ ಹ್ಯಾಶ್ ಮೌಲ್ಯವನ್ನೂ, ಅಂದರೆ ಆ ಕಡತದ ಬೆರಳಚ್ಚಿನಂಥ ಸಂಕೇತವನ್ನೂ, ನಮೂದಿಸಬೇಕು. ಹಾಡು ಸೇರಿಸಿ, ಕೆಂಪು ಬಾಣ ಹಾಕಿ ರೀಲ್ಸ್ ಮಾಡಿದ ಮೇಲೆ ಹ್ಯಾಶ್ ಬದಲಾಗುತ್ತದೆ. ಆದ್ದರಿಂದ ಮೂಲ ಕಡತವನ್ನು ಮುಟ್ಟದೆ ಇಡಿ, ಕೆರಳಿದ್ದರೂ.

ಎಲ್ಲ ನಿಯಮಗಳೂ ಈ ಬೀಗದೊಳಗಿಲ್ಲ ಎಂಬುದನ್ನೂ ಹೇಳಬೇಕು. ಅನುಮತಿಯಿಲ್ಲದ ಫ್ಲೆಕ್ಸ್ ಹಾಕುವುದು 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯ ಅಪರಾಧ, ಆರು ತಿಂಗಳವರೆಗೆ ಸಜೆ ಅಥವಾ 1,000 ರೂಪಾಯಿ ದಂಡ. ಅಲ್ಲಿ 215ರ ಅಡ್ಡಿಯಿಲ್ಲ. ರಸ್ತೆ ತಡೆದ ಆರೋಪವೂ ಹಾಗೆಯೇ. 2022ರ ಮೆರವಣಿಗೆಯೊಂದರ ಪ್ರಕರಣ ರದ್ದುಪಡಿಸಲು ಕೋರಿದ ಮುಖ್ಯಮಂತ್ರಿ ಸಿದ್ದರಾಮಯ್ಯ ಮತ್ತಿತರರಿಗೆ 2024ರ ಫೆಬ್ರುವರಿ 6ರಂದು ಹೈಕೋರ್ಟ್ ತಲಾ 10,000 ರೂಪಾಯಿ ದಂಡ ಹಾಕಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಚುನಾವಣಾ ನೀತಿ ಸಂಹಿತೆಗೆ ಸಿ-ವಿಜಿಲ್ ಆ್ಯಪ್ ಇದೆ, 100 ನಿಮಿಷದಲ್ಲಿ ಕ್ರಮದ ಭರವಸೆ. ಆದರೆ ಆ್ಯಪಿನೊಳಗೇ ಚಿತ್ರೀಕರಿಸಬೇಕು, ಗ್ಯಾಲರಿಯಲ್ಲಿರುವ ಹಳೆಯ ವಿಡಿಯೊ ಅದು ಒಪ್ಪುವುದಿಲ್ಲ.

ಸೀಟ್ ಬೆಲ್ಟಿನ ಕಥೆ ಕೇಳಿದರೆ ಇನ್ನೂ ಉರಿಯುತ್ತದೆ. ರಾಜ್ಯ ಸರ್ಕಾರ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಬಾಕಿ ಸಂಚಾರ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಾಗ, ಮುಖ್ಯಮಂತ್ರಿಯ ಸರ್ಕಾರಿ ಕಾರಿನ ಏಳು ಪ್ರಕರಣಗಳೂ ಅದೇ ರಿಯಾಯಿತಿಯಲ್ಲಿ ಚುಕ್ತಾ ಆದವು, ಆರು ಸೀಟ್ ಬೆಲ್ಟಿನವು. ಜನ ಬೈದದ್ದು ಕಾರಿನಲ್ಲಿ ಕೂತವರನ್ನು. ಮೋಟಾರು ವಾಹನ ಕಾಯ್ದೆಯ 194ಬಿ ಓದಿ ನೋಡಿ: ಬೆಲ್ಟ್ ಹಾಕದೆ ವಾಹನ ಓಡಿಸಿದವರಿಗೆ, ಇಲ್ಲವೆ ಬೆಲ್ಟ್ ಹಾಕದವರನ್ನು ಕೂರಿಸಿಕೊಂಡು ಓಡಿಸಿದವರಿಗೆ ದಂಡ. ಮುಂದಿನ ಸೀಟಿನಲ್ಲಿ ಕೂತ ದೊಡ್ಡವರು ಬೆಲ್ಟ್ ಹಾಕದಿದ್ದರೂ ಕಾನೂನಿನ ಬೆರಳು ತಿರುಗುವುದು ಚಾಲಕನತ್ತ. ಅದೇ ಕಾಯ್ದೆಯ 210ಬಿ, ಕಾಯ್ದೆ ಜಾರಿ ಮಾಡುವ ಅಧಿಕಾರವಿದ್ದವರೇ ತಪ್ಪು ಮಾಡಿದರೆ ಎರಡರಷ್ಟು ದಂಡ ಎನ್ನುತ್ತದೆ. ಅಂದರೆ ಪೊಲೀಸರು, ಸಾರಿಗೆ ಅಧಿಕಾರಿಗಳು. ಕಾಯ್ದೆ ಮಾಡುವವರು ಆ ಸಾಲಿನೊಳಗೆ ಬರುವಂತೆ ಓದುವುದು ಕಷ್ಟ.

ಬೇರೆ ದೇಶಗಳಲ್ಲಿ ಪ್ರಧಾನಿಗೇ ದಂಡ ಬೀಳುತ್ತದೆ, ನಮ್ಮಲ್ಲೇಕಿಲ್ಲ ಎನ್ನುವವರಿದ್ದಾರೆ. 2021ರ ಏಪ್ರಿಲ್‌ನಲ್ಲಿ ನಾರ್ವೆಯ ಎರ್ನಾ ಸೋಲ್ಬರ್ಗ್ ಅವರಿಗೆ ಹುಟ್ಟುಹಬ್ಬದ ಕೂಟಕ್ಕಾಗಿ 20,000 ಕ್ರೋನರ್, ಮರುವರ್ಷ ಬ್ರಿಟನ್ನಿನ ಬೋರಿಸ್ ಜಾನ್ಸನ್ ಅವರಿಗೆ 50 ಪೌಂಡ್. ಅಲ್ಲಿ ಪೊಲೀಸರೇ ದಂಡ ವಿಧಿಸಿದ್ದು. ನಮ್ಮ 215ಕ್ಕೆ ಹತ್ತಿರದ ಉದಾಹರಣೆ ಬ್ಯಾಂಕಾಕಿನದು. 2021ರ ಏಪ್ರಿಲ್ 26ರಂದು ಪ್ರಧಾನಿ ಪ್ರಯುತ್ ಅವರು ಮಾಸ್ಕ್ ಇಲ್ಲದೆ ಸಭೆಯಲ್ಲಿ ಕೂತ ಚಿತ್ರ ಅವರದೇ ಫೇಸ್‌ಬುಕ್ ಪುಟದಲ್ಲಿ ಬಂತು. ಮಾಸ್ಕ್ ಆದೇಶ ಬ್ಯಾಂಕಾಕ್ ಗವರ್ನರರದ್ದು. ಗವರ್ನರರೇ ಪ್ರಧಾನಿಗೆ ಇದು ಉಲ್ಲಂಘನೆ ಎಂದು ತಿಳಿಸಿ, ಪೊಲೀಸರ ಜೊತೆ ಹೋದರು. ದಂಡ 6,000 ಬಾಟ್.

ಕೊನೆಗೆ ಚೇಂಬರಿನ ಬಾಗಿಲ ಬಳಿ ತಿರುಗಿ ನಿಂತು ಕೇಳುವ ಪ್ರಶ್ನೆ ಒಂದು ಉಳಿಯುತ್ತದೆ: ‘ಶಿಕ್ಷೆ ಆದ್ರೆ ಸೀಟು ಹೋಗುತ್ತಲ್ವಾ ಸಾರ್?’ ಪ್ರಜಾಪ್ರತಿನಿಧಿ ಕಾಯ್ದೆಯ 8(3)ರಡಿ ಅನರ್ಹತೆಗೆ ಕನಿಷ್ಠ ಎರಡು ವರ್ಷದ ಸಜೆಯಾಗಬೇಕು. 223ರಲ್ಲಿ ಗರಿಷ್ಠವೇ ಒಂದು ವರ್ಷ. ಅಷ್ಟರಿಂದ ಸೀಟು ಹೋಗುವುದಿಲ್ಲ.