1783ರ ಹಡಗು ಪುಸ್ತಕದಲ್ಲಿ ಹೆಸರಿದ್ದವರೆಲ್ಲ ಬಿಡುಗಡೆಯಾದವರೇ?

ಪ್ರಶ್ನೆ: ಅಮೆರಿಕದ ಸ್ವಾತಂತ್ರ್ಯ ಯುದ್ಧ ಮುಗಿದಾಗ ಬ್ರಿಟಿಷರು ನ್ಯೂಯಾರ್ಕಿನಿಂದ ಈಗಿನ ಕೆನಡಾದ ನೋವಾ ಸ್ಕೋಷಿಯಾಕ್ಕೆ ಸಾಗಿಸಿದ ಕಪ್ಪು ಜನರ ಪುಸ್ತಕವೊಂದಿದೆಯಲ್ಲ, ಅದರಲ್ಲಿ ಹೆಸರಿದ್ದವರೆಲ್ಲ ಗುಲಾಮಗಿರಿಯಿಂದ ಬಿಡುಗಡೆ ಪಡೆದವರೇ?

ಉತ್ತರ: ಅಲ್ಲ. ‘ಬುಕ್ ಆಫ್ ನೀಗ್ರೋಸ್’ ಎಂಬ ಈ ಪುಸ್ತಕದ ಸುಮಾರು 3,000 ಹೆಸರುಗಳಲ್ಲಿ ಸ್ವತಂತ್ರರೂ ಇದ್ದಾರೆ, ಗುಲಾಮರಾಗಿಯೇ ಹಡಗು ಹತ್ತಿದವರೂ ಇದ್ದಾರೆ.

ಅದನ್ನು ಬರೆಸಿದ್ದು ಏಕೆ ಎಂದು ತಿಳಿದರೆ ಗೊಂದಲ ಅರ್ಧ ಕಳೆಯುತ್ತದೆ. ಬಂಡಾಯಗಾರ ಧಣಿಗಳನ್ನು ಬಿಟ್ಟು ಬರುವ ಗುಲಾಮರಿಗೆ ರಕ್ಷಣೆ ಕೊಡುವುದಾಗಿ ಬ್ರಿಟಿಷ್ ಸೇನಾಪತಿ ಹೆನ್ರಿ ಕ್ಲಿಂಟನ್ 1779ರಲ್ಲಿ ಸಾರಿದ್ದ. ಸಾವಿರಾರು ಜನ ಪ್ರಾಣ ಪಣಕ್ಕಿಟ್ಟು ಬಂದರು. ಯುದ್ಧ ಸೋತ ಬ್ರಿಟನ್ ಸಹಿ ಮಾಡಿದ ಶಾಂತಿ ಒಪ್ಪಂದದ 7ನೇ ವಿಧಿಯಾದರೋ, ನೀಗ್ರೋಗಳನ್ನಾಗಲಿ ಅಮೆರಿಕನ್ನರ ಬೇರೆ ಆಸ್ತಿಯನ್ನಾಗಲಿ ಒಯ್ಯಕೂಡದು ಎಂದಿತು. ಕ್ಲಿಂಟನ್ ನಂತರ ಬಂದ ಗೈ ಕಾರ್ಲ್‌ಟನ್ ಕೊಟ್ಟ ಮಾತಿಗೆ ತಪ್ಪಲಿಲ್ಲ. ಒಪ್ಪಂದದ ಕರಡಿಗೆ ಸಹಿ ಬಿದ್ದ 1782ರ ನವೆಂಬರ್ 30ಕ್ಕೆ ಮೊದಲೇ ಬಂದವರು ಆಗಲೇ ಸ್ವತಂತ್ರರು, ಅವರು ಯಾರ ಆಸ್ತಿಯೂ ಅಲ್ಲ ಎಂದು ವಾದಿಸಿದ. ಮುಂದೆ ಧಣಿಗಳು ಪರಿಹಾರ ಕೇಳಿದರೆ ಲೆಕ್ಕ ಕೈಯಲ್ಲಿರಲಿ ಎಂದು 1783ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಹಡಗು ಹಡಗಿಗೂ ಅಧಿಕಾರಿಗಳನ್ನು ಕಳಿಸಿ ಹೆಸರು ಬರೆಸಿದ. ಓಡಿಬಂದವರಿಗೆ ತಮ್ಮ ಬಿಡುಗಡೆಯ ಪುರಾವೆಯಾಗಿ ಸಿಕ್ಕಿದ್ದು ಬೇರೆಯೇ ಒಂದು ಚೀಟಿ: ಬ್ರಿಗೇಡಿಯರ್ ಜನರಲ್ ಸ್ಯಾಮ್ಯುಯೆಲ್ ಬರ್ಚ್‌ನ ಪ್ರಮಾಣಪತ್ರ.

ಹಾಗಾಗಿ ಹೆಸರೊಂದನ್ನೇ ನೋಡಿದರೆ ಸಾಲದು. ಪಹಣಿಯಲ್ಲಿ ಮಾಲೀಕರ ಕಲಂ, ಸಾಗುವಳಿದಾರರ ಕಲಂ ಎರಡನ್ನೂ ನೋಡುವ ಹಾಗೆ ಇಲ್ಲಿಯೂ ಸಾಲನ್ನು ಕೊನೆಯವರೆಗೆ ಓದಬೇಕು. ಹಡಗು, ಅದು ಹೋಗುವ ಊರು, ಹೆಸರು, ವಯಸ್ಸು, ಮೈಕಟ್ಟು. ಆಮೇಲೆ ಹಕ್ಕು ಹೇಳುವ ಧಣಿ, ಈಗ ಯಾರ ವಶದಲ್ಲಿದ್ದಾರೆ ಎಂಬುದು, ಕೊನೆಗೆ ಷರಾ. ಷರಾದಲ್ಲಿ ಬರ್ಚ್ ಪ್ರಮಾಣಪತ್ರದ ಗುರುತು ‘ಜಿಬಿಸಿ’ ಇದ್ದರೆ ಆ ವ್ಯಕ್ತಿ ಸ್ವತಂತ್ರ. ಬ್ರಿಟಿಷರ ಪರ ನಿಂತಿದ್ದ ಬಿಳಿಯನೊಬ್ಬನ ಹೆಸರು ವಶದ ಕಲಂನಲ್ಲಿದ್ದು, ಇವರು ಅವನ ಆಸ್ತಿ ಎಂಬ ಷರಾ ಇದ್ದರೆ, ಆತ ತನ್ನ ಗುಲಾಮರನ್ನು ಸಾಮಾನು ಸರಂಜಾಮಿನ ಜೊತೆ ಸಾಗಿಸುತ್ತಿದ್ದಾನೆ ಎಂದರ್ಥ. ಕ್ಲಿಂಟನ್‌ನ ಅಭಯ ಅಂಥವರ ಗುಲಾಮರಿಗೆ ಇರಲೇ ಇಲ್ಲ. ವಶದ ಕಲಂ ಮಾತ್ರ ನೋಡಿ ತೀರ್ಮಾನಿಸಬೇಡಿ. ಕೂಲಿಗೋ ಕರಾರಿಗೋ ಬಿಳಿಯರ ಜೊತೆ ಹೊರಟ ಸ್ವತಂತ್ರರೂ ಅಲ್ಲಿದ್ದಾರೆ.

ಡೆಬೊರಾ ಎಂಬ ಹೆಣ್ಣುಮಗಳ ಸಾಲನ್ನು ನೋಡಿ. ವಯಸ್ಸು 20, ಗಟ್ಟಿಮುಟ್ಟಾದ ಹೆಂಗಸು, ದಪ್ಪ ತುಟಿ, ಸಿಡುಬಿನ ಕಲೆ. ಮೊದಲು ಜನರಲ್ ವಾಷಿಂಗ್ಟನ್‌ನ ಗುಲಾಮಳು, ಸುಮಾರು 4 ವರ್ಷದ ಹಿಂದೆ ಬಿಟ್ಟು ಬಂದವಳು. ಹೌದು, ಜಾರ್ಜ್ ವಾಷಿಂಗ್ಟನ್ನೇ. ದನ ಕೊಳ್ಳುವವರ ಕಣ್ಣಿನ ಈ ವರ್ಣನೆ ಓದುವಾಗ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆದರೆ 1781ರಲ್ಲಿ ವಾಷಿಂಗ್ಟನ್‌ನ ಎಸ್ಟೇಟಾದ ಮೌಂಟ್ ವರ್ನನ್‌ನಿಂದ ಓಡಿಹೋದವರ ಪಟ್ಟಿಯಲ್ಲಿ ಸುಮಾರು 16 ವರ್ಷದ ಡೆಬೊರಾ ಇದ್ದಾಳೆ. ಅಂದರೆ ಬಿಟ್ಟು ಬಂದು ಎರಡೇ ವರ್ಷ. ಪುಸ್ತಕದ ವಯಸ್ಸು, ವರ್ಷಗಳೆಲ್ಲ ಹಡಗಿನ ಅಟ್ಟದ ಮೇಲೆ ಕೇಳಿ ಬರೆದುಕೊಂಡವು. ಅವನ್ನು ಅಂದಾಜು ಎಂದೇ ಹಿಡಿಯಿರಿ. 1783ರ ಮೇ 6ರಂದು ವಾಷಿಂಗ್ಟನ್ ಕಾರ್ಲ್‌ಟನ್‌ನನ್ನು ಕಂಡು ಗುಲಾಮರನ್ನು ಹಿಂದಿರುಗಿಸಿ ಎಂದು ಪಟ್ಟು ಹಿಡಿಯುವ ಹೊತ್ತಿಗೆ ಒಂದಷ್ಟು ಹಡಗುಗಳು ಹೊರಟಾಗಿತ್ತು.

ಹೆಸರು ಸಿಗದಿದ್ದರೆ ಆ ವ್ಯಕ್ತಿ ಹೋಗಲೇ ಇಲ್ಲ ಎಂದೂ ತಿಳಿಯಬೇಡಿ. ಈ ಪುಸ್ತಕ ನ್ಯೂಯಾರ್ಕಿನದು ಮಾತ್ರ. 1782ರಲ್ಲಿ ಬ್ರಿಟಿಷರು ಸವಾನ್ನಾ, ಚಾರ್ಲ್ಸ್‌ಟನ್ ಬಂದರುಗಳನ್ನು ತೆರವು ಮಾಡಿದಾಗ ಸಾವಿರಾರು ಜನ ಜಮೈಕಾ, ಪೂರ್ವ ಫ್ಲಾರಿಡಾಗಳಿಗೆ ಹೋದರು, ಹೆಚ್ಚಿನವರು ಗುಲಾಮರಾಗಿಯೇ. ಅವರಿಗೆ ಇಂಥ ಪುಸ್ತಕದ ಭಾಗ್ಯವೂ ಇಲ್ಲ.

ಮೂಲ ಪ್ರತಿಗಳು ಲಂಡನ್ನಿನ ಕ್ಯೂ ಮತ್ತು ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲೆ ಭಂಡಾರಗಳಲ್ಲಿವೆ. ನೋವಾ ಸ್ಕೋಷಿಯಾದ ದಾಖಲೆ ಭಂಡಾರ ಅದನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಹೆಸರು ಸಿಕ್ಕರೆ ಅಲ್ಲಿಗೇ ನಿಲ್ಲಿಸದೆ, ಬರ್ಚ್‌ನ ಹೆಸರನ್ನೇ ಹೊತ್ತ, ನೋವಾ ಸ್ಕೋಷಿಯಾದ ಊರಾದ ಬರ್ಚ್‌ಟೌನ್‌ನ 1784ರ ಪಟ್ಟಿ ನೋಡಿ, ಆಮೇಲೆ 1792ರಲ್ಲಿ ಸುಮಾರು 1,200 ಜನ ಆಫ್ರಿಕಾದ ಸಿಯೆರಾ ಲಿಯೋನ್‌ಗೆ ಹೊರಟ ಕಾಲದ ಕಾಗದಗಳನ್ನು ಹುಡುಕಿ. ವಾಷಿಂಗ್ಟನ್‌ನ ಇನ್ನೊಬ್ಬ ಗುಲಾಮ ಹ್ಯಾರಿ 1783ರಲ್ಲಿ ಒಂದು ಸಾಲು ಮಾತ್ರ. ಅಲ್ಲಿಂದ ಮುಂದಕ್ಕೆ ಹಿಂಬಾಲಿಸಿದರೆ ಆತ ಹ್ಯಾರಿ ವಾಷಿಂಗ್ಟನ್ ಎಂಬ ಹೆಸರಿನಲ್ಲೇ ಆಫ್ರಿಕಾ ಸೇರಿ, ಭೂಕಂದಾಯದ ವಿರುದ್ಧ 1800ರಲ್ಲಿ ಅಲ್ಲಿ ಎದ್ದ ಬಂಡಾಯದಲ್ಲಿ ಸಿಕ್ಕಿ, ಗಡೀಪಾರಾದದ್ದು ತಿಳಿಯುತ್ತದೆ.