ಸುರಂಗ ತೋಡುವವನಿಗೆ ಅಜೈಲ್ ಗೊತ್ತು

ತಂಗಿಯ ಮಗ ಕಾಸರಗೋಡು ಬದಿಯ ನಮ್ಮ ಬಾಯಾರಿನ ಮನೆಯಿಂದಲೇ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಮಾಡುತ್ತಾನೆ. ದಿನಾ ಬೆಳಿಗ್ಗೆ ಲ್ಯಾಪ್‌ಟಾಪ್ ಮುಂದೆ 15 ನಿಮಿಷದ ಮೀಟಿಂಗ್. “ನಮ್ಮದು ಅಜೈಲ್ ಮಾವ, ಎಲ್ಲ ಫಾಸ್ಟ್” ಅನ್ನುತ್ತಾನೆ. ಆ ‘ಫಾಸ್ಟ್’ ಕೇಳಿದರೆ ನನಗೆ ಮೈ ಉರಿಯುತ್ತದೆ. ಅಜೈಲ್ ಅಂದ್ರೆ ಅವಸರ ಅಲ್ಲ. ತಪ್ಪು ಬೇಗ ಗೊತ್ತಾಗುವ ಹಾಗೆ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿಕೊಳ್ಳುವುದು.

ನಮ್ಮ ಸುರಂಗವನ್ನೇ ನೋಡಿ. ನೀರಿಗಾಗಿ ಗುಡ್ಡದ ಮುರಕಲ್ಲಿನೊಳಗೆ ಅಡ್ಡಕ್ಕೆ ತೋಡುವುದು. ನೀರು ಎಲ್ಲಿದೆ ಅಂತ ತೋಡುವವನಿಗೂ ಗೊತ್ತಿಲ್ಲ. ಪಿಕ್ಕಾಸಿನಲ್ಲಿ ಸ್ವಲ್ಪ ಅಗೆಯುತ್ತಾನೆ, ಮಣ್ಣನ್ನು ಕೈಯಲ್ಲಿ ಹಿಸುಕುತ್ತಾನೆ. ಪಸೆ ಇದೆಯಾ, ಮುಂದೆ. ಒಣಗಿದೆಯಾ, ಬದಿಗೆ ತಿರುಗುತ್ತಾನೆ. ಮೇಣದ ಬತ್ತಿ ಮಂಕಾದರೆ ಗಾಳಿ ಸಾಲದು ಅಂತ ಹೊರಗೆ ಬರುತ್ತಾನೆ. ಬೋರ್‌ವೆಲ್ ಹಾಗಲ್ಲ. ಗುರುತು ಹಾಕಿದಲ್ಲಿ ಲಾರಿ ನಿಂತಿತು, ಮುಗಿಯಿತು. 400 ಅಡಿಯಲ್ಲೂ ಬರೀ ಧೂಳು ಬಂದರೆ ಪೈಪನ್ನು ಬದಿಗೆ ತಿರುಗಿಸಲಿಕ್ಕಾಗುತ್ತದಾ? ಯಕ್ಷಗಾನದ ಭಾಗವತರೂ ಅಷ್ಟೇ, ವೇಷದ ಕಾಲು ನೋಡಿಕೊಂಡೇ ಪದ ಎಳೆಯುತ್ತಾರೆ. ಉದಾಹರಣೆ ಜಾಸ್ತಿಯಾಯಿತು, ಇರಲಿ.

ಬೋರ್‌ವೆಲ್ ರೀತಿಗೆ ಸಾಫ್ಟ್‌ವೇರಿನವರು ‘ವಾಟರ್‌ಫಾಲ್’ ಅನ್ನುತ್ತಾರೆ. ಬೇಕಾದ್ದರ ಪಟ್ಟಿ, ವಿನ್ಯಾಸ, ಕೋಡ್, ಕೊನೆಗೆ ಪರೀಕ್ಷೆ. ತಮಾಷೆ ಏನೆಂದರೆ, 1970ರಲ್ಲಿ ಅಮೆರಿಕದ ಸಾಫ್ಟ್‌ವೇರ್ ತಜ್ಞ ವಿನ್‌ಸ್ಟನ್ ರಾಯ್ಸ್ ಈ ಮೆಟ್ಟಿಲುಗಳ ಚಿತ್ರ ಕೊಟ್ಟು, ಹೀಗೇ ಇಳಿದರೆ ಅಪಾಯ ಅಂತ ಕೆಳಗೇ ಬರೆದಿದ್ದರು. ಜನ ಚಿತ್ರ ಇಟ್ಟುಕೊಂಡರು, ಬರಹ ಬಿಟ್ಟರು.

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದ ಸ್ನೋಬರ್ಡ್‌ನಲ್ಲಿ 17 ಮಂದಿ ಸಾಫ್ಟ್‌ವೇರಿನವರು ಕೂತು ಅಜೈಲ್ ಪ್ರಣಾಳಿಕೆ ಬರೆದರು. ಪ್ಲಾನಿಗೆ ಜೋತು ಬೀಳುವುದಕ್ಕಿಂತ ಬದಲಾವಣೆಗೆ ಒಗ್ಗುವುದು ಮೇಲು ಅನ್ನುತ್ತದೆ ಅದು. ಪ್ಲಾನಿಗೂ ಬೆಲೆ ಇದೆ ಅಂತ ಅಲ್ಲೇ ಹೇಳಿದೆ, ಅದನ್ನು ಓದುವವರು ಕಮ್ಮಿ. ಬೆಳಗ್ಗಿನ ಮೀಟಿಂಗ್ ಅದರಲ್ಲಿಲ್ಲ. ಅದು ‘ಸ್ಕ್ರಮ್’ ಅನ್ನುವ, ಅಜೈಲ್ ಮಾಡುವ ಒಂದು ಪದ್ಧತಿಯದ್ದು. ಅದೇ ಸ್ಕ್ರಮ್ಮಿನಲ್ಲಿ ಕಡಿಮೆಯೆಂದರೆ ತಿಂಗಳಿಗೊಮ್ಮೆಯಾದರೂ, ಅಲ್ಲಿವರೆಗೆ ಆದ ಕೆಲಸವನ್ನು ಬೇಕಾದವರ ಮುಂದೆ ಇಡಬೇಕು.

ನನಗಿದು ಪೆಟ್ಟು ತಿಂದು ಗೊತ್ತಾದದ್ದು. ಅಡಿಕೆ ಕೊಳ್ಳುವವರೊಬ್ಬರಿಗೆ ಬಿಲ್ಲಿನ ಸಾಫ್ಟ್‌ವೇರ್ ಮಾಡುತ್ತಿದ್ದೆ. ಎಂಟು ತಿಂಗಳು ಯಾರಿಗೂ ತೋರಿಸಲಿಲ್ಲ. ತೋರಿಸಿದ ದಿನ ಗುಮಾಸ್ತರು ಕೇಳಿದರು, “ಪಟೋರ, ಕೋಕ, ಕರಿಗೋಟು ಎಲ್ಲ ಎಲ್ಲಿ ಹಾಕುವುದು ಸಾರ್?” ಅವೆಲ್ಲ ಅಡಿಕೆಯ ಬೇರೆ ಬೇರೆ ದರ್ಜೆಗಳು. ನಾನು ಇಟ್ಟದ್ದು ಎರಡೇ ಕಾಲಂ: ಹೊಸತು, ಹಳತು. ಎರಡನೇ ವಾರ ಒಂದು ಸ್ಕ್ರೀನ್ ತೋರಿಸಿದ್ದರೆ ಅರ್ಧ ಗಂಟೆಯಲ್ಲಿ ಸರಿಯಾಗುತ್ತಿತ್ತು. ಈಗ ಬುಡದಿಂದ ಬಿಚ್ಚಬೇಕಾಯಿತು.

ಮೊನ್ನೆ ಹುಡುಗನನ್ನು ಕೇಳಿದೆ, “ನೀನು ಮಾಡುತ್ತಿರುವುದನ್ನು ಬಳಸುವವರು ನೋಡಿದ್ದಾರಾ?”

“ಇಲ್ಲ ಮಾವ, ಅವರಿಗೆ ಡಿಸೆಂಬರಿನಲ್ಲಿ. ಎಲ್ಲ ಮುಗಿದ ಮೇಲೆ.”