ಕೃತಕ ಕೀಲಿನ ಸೋಂಕು: ಮೊದಲು ಸೂಜಿ, ಆಮೇಲೆ ಆ್ಯಂಟಿಬಯೋಟಿಕ್

ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಂಡವರಲ್ಲಿ ನೂರಕ್ಕೆ ಒಬ್ಬಿಬ್ಬರಿಗೆ ಸೋಂಕಾಗುತ್ತದೆ. ಈ ಪಾಠದಲ್ಲಿ ಬಯೋಫಿಲ್ಮ್ ಅರ್ಥವಾದರೆ ಉಳಿದದ್ದನ್ನು ಉರು ಹೊಡೆಯಬೇಕಾಗಿಲ್ಲ. ಬ್ಯಾಕ್ಟೀರಿಯಾ, ಹೆಚ್ಚಾಗಿ ಸ್ಟೆಫಿಲೊಕಾಕಸ್, ಇಂಪ್ಲಾಂಟ್‌ಗೆ, ಅಂದರೆ ಒಳಗಿಟ್ಟ ಕೃತಕ ಕೀಲಿಗೆ, ಅಂಟಿಕೊಂಡು ಸುತ್ತಲೂ ಲೋಳೆಪದರ ಕಟ್ಟಿಕೊಳ್ಳುತ್ತದೆ; ಇದೇ ಬಯೋಫಿಲ್ಮ್. ಆ ಪದರ ಬಲಿತ ಮೇಲೆ ಔಷಧವೊಂದರಿಂದಲೇ ಅದನ್ನು ನಿರ್ಮೂಲ ಮಾಡುವುದು ಬಹುತೇಕ ಅಸಾಧ್ಯ.

ಆಪರೇಷನ್ ಆದ ಕೆಲವೇ ವಾರಗಳಲ್ಲಿ ಗಾಯ ಕೆಂಪಾಗಿ ಸೋರುತ್ತಿದ್ದರೆ ಅನುಮಾನ ಬಂದೇ ಬರುತ್ತದೆ. ತಪ್ಪಿಹೋಗುವುದು ತಡವಾಗಿ ಕಾಣಿಸುವ ಸೋಂಕು: ಜ್ವರವಿಲ್ಲ, ಊತ ಅಷ್ಟಾಗಿ ಇಲ್ಲ, ನೋವು ಮಾತ್ರ ಬಿಡುವುದಿಲ್ಲ. ಇಲ್ಲಿ ಉರಿಯೂತ ತೋರಿಸುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಮಾಡಿಸಬೇಕು. ಆದರೆ ಆಪರೇಷನ್ ಆದ ಮೊದಲ ವಾರಗಳಲ್ಲಿ, ರುಮಟಾಯ್ಡ್ ಸಂಧಿವಾತದಲ್ಲಿಯೂ ಇವು ಏರಿರುತ್ತವೆ; ಮಂದಗತಿಯ ಸೋಂಕಿನಲ್ಲಿ ಏರದೆಯೂ ಇರಬಹುದು.

ಹಾಗಾಗಿ ಕೀಲಿನ ನೀರನ್ನೇ ಸೂಜಿಯಿಂದ ತೆಗೆದು ನೋಡಬೇಕು. ಹಳೆಯ ಸೋಂಕಿನಲ್ಲಿ ಬಿಳಿರಕ್ತಕಣ ಮೈಕ್ರೋಲೀಟರಿಗೆ 3,000 ದಾಟಿ, ಅವುಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಗೆಯವು ಶೇ. 80 ಮೀರಿದರೆ ಅನುಮಾನ ಬಲವಾಗುತ್ತದೆ. ಆಪರೇಷನ್ ಆದ ಹೊಸತರಲ್ಲಿ ಈ ಮಿತಿ 10,000ದ ಆಸುಪಾಸು. ಎರಡು ಪ್ರತ್ಯೇಕ ಮಾದರಿಗಳಲ್ಲಿ ಒಂದೇ ಬ್ಯಾಕ್ಟೀರಿಯಾ ಬೆಳೆದರೆ, ಅಥವಾ ಕೀಲಿನಿಂದ ಚರ್ಮದವರೆಗೆ ಕೀವಿನ ದಾರಿ ತೆರೆದಿದ್ದರೆ, ಸೋಂಕು ಖಚಿತ.

ದಯವಿಟ್ಟು ಇದನ್ನು ಗೆರೆ ಎಳೆದು ಓದಿ: ರೋಗಿಗೆ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳೇ ಕೆಡುವ, ಪ್ರಾಣಾಪಾಯದ ಸ್ಥಿತಿ) ಇಲ್ಲದಿದ್ದರೆ, ಮಾದರಿ ತೆಗೆಯುವ ಮೊದಲು ಆ್ಯಂಟಿಬಯೋಟಿಕ್ ಬರೆಯಬಾರದು. ‘ಐದು ದಿನ ತಗೊಂಡು ನೋಡಿ’ ಎಂದು ಕೊಟ್ಟ ಮಾತ್ರೆಯಿಂದ ಕಲ್ಚರ್‌ನಲ್ಲಿ (ಮಾದರಿಯಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಏನೂ ಬೆಳೆಯದೆ ಹೋಗಬಹುದು, ಸೋಂಕು ಒಳಗೇ ಉಳಿಯುತ್ತದೆ. ಈಗಾಗಲೇ ಶುರುವಾಗಿದ್ದರೆ, ಸಾಧ್ಯವಾದಲ್ಲಿ ಎರಡು ವಾರ ನಿಲ್ಲಿಸಿ ಮಾದರಿ ತೆಗೆಯುವುದು ವಾಡಿಕೆ. ಭುಜದ ಕೀಲಾದರೆ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಚರ್ಮದ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುವುದರಿಂದ ಕಲ್ಚರನ್ನು 14 ದಿನ ಇಡಲು ಲ್ಯಾಬಿಗೆ ತಿಳಿಸಬೇಕು.

ಚಿಕಿತ್ಸೆಗೆ ಬಂದರೆ, ಲಕ್ಷಣ ಶುರುವಾಗಿ ಮೂರು ವಾರದೊಳಗಿದ್ದು, ಇಂಪ್ಲಾಂಟ್ ಭದ್ರವಾಗಿದ್ದರೆ ಅದನ್ನು ಉಳಿಸಿಕೊಳ್ಳಲು ನೋಡಬಹುದು. ಕೀಲು ತೆರೆದು, ಕೆಟ್ಟ ಅಂಗಾಂಶ ಕೆರೆದು, ತೊಳೆದು, ಇಂಪ್ಲಾಂಟಿನ ಪಾಲಿಎಥಿಲೀನ್ (ಪ್ಲಾಸ್ಟಿಕ್) ಭಾಗ ಬದಲಿಸುತ್ತಾರೆ. ಸ್ಟೆಫಿಲೊಕಾಕಸ್‌ಗೆ ರಿಫಾಂಪಿಸಿನ್ ಎಂಬ ಆ್ಯಂಟಿಬಯೋಟಿಕ್ ಸೇರಿಸುವುದುಂಟು. ಅದನ್ನು ಒಂದನ್ನೇ ಕೊಡಬೇಡಿ, ಪ್ರತಿರೋಧ ಬೇಗ ಹುಟ್ಟುತ್ತದೆ.

ಪದರ ಬಲಿತಿದ್ದರೆ ಇಂಪ್ಲಾಂಟ್ ಹೊರಗೆ ಬರಲೇಬೇಕು. ಕೆಲವೆಡೆ ಅದೇ ಆಪರೇಷನ್‌ನಲ್ಲಿ ಹೊಸದನ್ನು ಹಾಕುತ್ತಾರೆ. ಎರಡು ಹಂತದ ಪದ್ಧತಿಯಲ್ಲಿ ಔಷಧ ಬೆರೆಸಿದ ಸಿಮೆಂಟಿನ ಸ್ಪೇಸರ್ (ಕೀಲಿನ ಜಾಗ ಹಿಡಿದಿಡುವ ತಾತ್ಕಾಲಿಕ ತುಂಡು) ಇಟ್ಟು, ಸೋಂಕು ಅಡಗಿದ ಮೇಲೆ ಹೊಸ ಕೀಲು ಕೂರಿಸುತ್ತಾರೆ. ಔಷಧದ ಅವಧಿಯ ಬಗ್ಗೆ 2021ರಲ್ಲಿ ಫ್ರಾನ್ಸಿನ ಡಾಟಿಪೋ ಅಧ್ಯಯನ ಪ್ರಕಟವಾಯಿತು: 6 ವಾರ ಕೊಟ್ಟವರಲ್ಲಿ ಶೇ. 18.1, 12 ವಾರ ಕೊಟ್ಟವರಲ್ಲಿ ಶೇ. 9.4 ಮಂದಿಗೆ ಸೋಂಕು ಉಳಿದಿತ್ತು. ಈ ವ್ಯತ್ಯಾಸ ಹೆಚ್ಚು ಎದ್ದು ಕಂಡದ್ದು ಇಂಪ್ಲಾಂಟ್ ಉಳಿಸಿಕೊಂಡವರಲ್ಲೇ.